ಸೌದೆಗೆ ಹೊಲಿದ ಕೋಟು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದ ಹಿರಿಯರು, ಅಳಿಯನಿಗೆ ಯಾವ ಕಾಲ ಎಂದು ಹೇಳದೆಯೇ ಹೋಗಿಬಿಟ್ಟರು. ಅವನಿಗೆ ಕಾಲ ಯಾಕೆ, ಕುರ್ಚಿ ಕೊಟ್ಟರೆ ಸಾಕು ಎಂದುಕೊಂಡಿರಬೇಕು. ನಮ್ಮ ಈ ಅಳಿಯನಿಗೂ ಅತ್ತೆಯ ಮನೆಯಲ್ಲಿ ಮೊದಲು ಸಿಕ್ಕಿದ್ದು ಒಂದು ಕುರ್ಚಿಯೇ.

ಕುರ್ಚಿ ಜಗುಲಿಯ ಮೇಲಿತ್ತು. ಜಗುಲಿಯ ಕೆಳಗೆ ಅತ್ತೆಯ ಸೌದೆ ಡಿಪೋ. ಒಂದು ಕಡೆ ಕಾಡಿನಿಂದ ಬಂದ ದಿಮ್ಮಿಗಳು, ನಡುವೆ ತಗಡಿನ ಮಾಡಿನ ಕೆಳಗೆ ಸೌದೆ ಸೀಳುವ ಯಂತ್ರ, ಆಚೆ ಸಾಲಾಗಿ ಪೇರಿಸಿದ ಸೌದೆ ಅಟ್ಟಿಗಳು, ಗೇಟಿನ ಪಕ್ಕ ತೂಕದ ಕೋಣೆ. ಬೆಳಗಾದರೆ ಅಲ್ಲಿ ಎಲ್ಲರಿಗೂ ಕೈತುಂಬ ಕೆಲಸ. ಅಳಿಯನಿಗೆ ಮಾತ್ರ ಕೈಯಲ್ಲಿ ಚಹಾದ ಲೋಟ. "ಅಳಿಯಂದ್ರು ಕೂತ್ಕೊಳ್ಳಿ, ಬಟ್ಟೆಗೆ ಹೊಟ್ಟು ಹತ್ತುತ್ತೆ" ಎಂದು ಅತ್ತೆ ಎಷ್ಟು ಪ್ರೀತಿಯಿಂದ ಹೇಳುತ್ತಿದ್ದಳೆಂದರೆ, ಎದ್ದು ನಿಂತರೆ ಅವಳಿಗೆ ಅವಮಾನ ಮಾಡಿದಂತಾಗುತ್ತಿತ್ತು.

ಅವನು ಕಸುಬಿನಿಂದ ದರ್ಜಿ. ಪೇಟೆಯಲ್ಲಿ ಅವನ ಅಂಗಡಿಯಿದ್ದ ಕಟ್ಟಡವನ್ನು ರಸ್ತೆ ಅಗಲ ಮಾಡಲು ಕೆಡವಿದ್ದರು. ಹೊಸ ಜಾಗ ಹುಡುಕುತ್ತಾ ಮುಖ ಇಳಿಬಿಟ್ಟುಕೊಂಡು ಓಡಾಡುತ್ತಿದ್ದವನನ್ನು ಹೆಂಡತಿಯೇ ಎಳೆದುಕೊಂಡು ಬಂದಿದ್ದಳು. "ಅಮ್ಮನ ಭುಜ ಮೊದಲಿನ ಹಾಗಿಲ್ಲ ರೀ. ಅಲ್ಲಿ ಕೈ ಬೇಕು, ಇಲ್ಲಿ ನಮ್ಮ ಕೈ ಖಾಲಿ. ನಡೀರಿ." ಅವಳು ಆ ಅಂಗಳದಲ್ಲೇ ಹುಟ್ಟಿ ಬೆಳೆದವಳು. ಬಂದ ಮರುದಿನವೇ ತಲೆಗೆ ಬಟ್ಟೆ ಕಟ್ಟಿಕೊಂಡು ಯಂತ್ರದ ಮುಂದೆ ನಿಂತಳು. ಸಂಜೆ ಮೈಯೆಲ್ಲ ಮರದ ವಾಸನೆ ಹೊತ್ತು, ಅಮ್ಮನ ಜೊತೆ ಏನೋ ಮಾತಿಗೆ ಬಿದ್ದು ಬಿದ್ದು ನಗುತ್ತಾ ಒಳಗೆ ಬಂದಳು. ಪೇಟೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ಕಂಡಿರಲಿಲ್ಲ. ಇಷ್ಟು ವರ್ಷ ಕತ್ತು ಬಗ್ಗಿಸಿ ಊರವರ ಭುಜ ಅಳೆಯುತ್ತಾ ಕೂತವನಿಗೆ ಅಂದು ಮನಸ್ಸಿನಲ್ಲಿ ಆಸೆಯೊಂದು ಹುಟ್ಟಿತು: ಆ ನಗುವಿನಲ್ಲಿ ತಾನೂ ಇರಬೇಕು. ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುವುದಲ್ಲ, ಅಂಗಳದಲ್ಲಿ ನಿಂತು ನಗಬೇಕು.

ಆದರೆ ಅತ್ತೆಯ ಲೆಕ್ಕವೇ ಬೇರೆ. ಜಗುಲಿಯ ಬೆಳಕಿರುವ ಮೂಲೆಯನ್ನು ಅವಳು ಆಗಲೇ ಗುಡಿಸಿ ಇಟ್ಟಿದ್ದಳು.

"ನಿಮ್ಮ ಹೊಲಿಗೆ ಮಿಷನ್ ಇಲ್ಲಿಗೇ ತರಿಸೋಣ ಅಳಿಯಂದ್ರೆ. ಗೊತ್ತಿರೋ ಕೆಲಸ ಮಾಡೋದ್ರಲ್ಲಿ ಒಂದು ಮರ್ಯಾದೆ ಇರುತ್ತೆ."

"ಬೇಡ ಅತ್ತೆ. ನನಗೆ ಸೌದೆ ಕೆಲಸ ಕಲಿಸಿ."

ಅತ್ತೆ ಅವನ ಕೈ ನೋಡಿದಳು. ಸೂಜಿ ಚುಚ್ಚಿದ ಗುರುತು ಬಿಟ್ಟರೆ ಅಂಗೈ ಮೆತ್ತಗಿತ್ತು. "ನೋಡೋಣ" ಎಂದಳು. ಅವಳ ಬಾಯಲ್ಲಿ ನೋಡೋಣ ಅಂದರೆ ಬೇಡ ಅಂತಲೇ ಅರ್ಥ ಎಂದು ಹೆಂಡತಿ ರಾತ್ರಿ ಊಟಕ್ಕೆ ಕೂತಾಗ ತಿಳಿಸಿದಳು.

ಆದರೂ ಪಟ್ಟು ಬಿಡದೆ ಅವನು ಮರುದಿನ ಅಂಗಳಕ್ಕಿಳಿದ. ಹೆಂಡತಿ ಮೊದಲು ಮಾಡಿದ ಕೆಲಸ, ಅವನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಕಿತ್ತು ಜೇಬಿಗೆ ತುರುಕಿದ್ದು. ಯಂತ್ರದ ಹತ್ತಿರ ಜೋಲಾಡುವಂಥದ್ದು ಏನೂ ಇರಕೂಡದು. ಟೇಪು, ಶಾಲು, ಉದ್ದ ತೋಳು ಯಾವುದೂ. ಆಮೇಲೆ ಯಂತ್ರದ ಎರಡು ಹಿಡಿ ತೋರಿಸಿದಳು.

"ಎರಡನ್ನೂ ಒಟ್ಟಿಗೆ ಒತ್ತಿದ್ರೆ ಮಾತ್ರ ಬೆಣೆ ಕೆಳಗೆ ಬರುತ್ತೆ. ಒಂದು ಕೈ ಮರದ ಮೇಲೆ ಮರೆತು ಇಟ್ಟುಬಿಡಬಾರದು ಅಂತಲೇ ಹಾಗೆ ಮಾಡಿರೋದು. ಪಕ್ಕದಲ್ಲಿ ಇನ್ನೊಬ್ಬರು ನಿಂತು ನಾನು ಮರ ಹಿಡ್ಕೋತೀನಿ ಅಂದ್ರೆ ಆ ಬುದ್ಧಿವಂತಿಕೆಯೆಲ್ಲ ದಂಡ. ಇಲ್ಲಿ ಯಾವಾಗಲೂ ಒಬ್ಬರೇ. ಗಂಡ ಹೆಂಡತಿ ಪ್ರೀತಿ ಎಲ್ಲ ಆ ಗೆರೆ ಆಚೆ."

ನೆಲದ ಮೇಲೆ ನಿಜವಾಗಿಯೂ ಸುಣ್ಣದ ಗೆರೆಯಿತ್ತು. ಅವನು ಗೆರೆಯಾಚೆ ನಿಂತು, ಒತ್ತಿದಾಗ ದಿಮ್ಮಿ ಚರ್ರೆಂದು ಎರಡಾಗುವುದನ್ನು, ಗಂಟಿರುವ ತುಂಡನ್ನು ಅವಳು ನಡುವಿಗೆ ಇಡದೆ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸುವುದನ್ನು ನೋಡಿದ. ದಪ್ಪ ಬಟ್ಟೆಯನ್ನೂ ಹೀಗೇ ಅಂಚಿನಿಂದ ಕತ್ತರಿಸುತ್ತಾರಲ್ಲ ಎಂದುಕೊಂಡ. ಕಲಿಯಬಹುದು ಎನಿಸಿತು.

ಒಂದು ವಾರ ಅವನು ದಿಮ್ಮಿ ಉರುಳಿಸುತ್ತಾ, ಸೀಳಿದ ಸೌದೆ ಹೊರುತ್ತಾ ಬೆವರಿಳಿಸಿದ್ದನ್ನು ನೋಡಿದ ಮೇಲೆ ಅತ್ತೆ ಅವನನ್ನು ಪಡುವಣ ಗೋಡೆಯ ಹತ್ತಿರ ಕರೆದೊಯ್ದಳು. ಹೊಸದಾಗಿ ಸೀಳಿದ ಸೌದೆ ಅಲ್ಲಿ ರಾಶಿ ಬಿದ್ದಿತ್ತು.

"ಇದು ಬೇಕರಿಯವರಿಗೆ ಅಂತ ತೆಗೆದಿಟ್ಟದ್ದು. ಚಳಿ ಶುರುವಾದಾಗ ಅವರೇ ಬಂದು ಮುಟ್ಟಿ ನೋಡಿ ಒಯ್ತಾರೆ. ಹಸಿ ಸೌದೆ ಹಾಕಿದ್ರೆ ಅವರ ಒಲೆ ಹೊಗೆ ಉಗುಳುತ್ತೆ, ಬ್ರೆಡ್ಡು ಮೇಲೆ ಕಪ್ಪಾಗಿ ಒಳಗೆ ಹಿಟ್ಟಾಗೇ ಉಳಿಯುತ್ತೆ. ಈ ಅಟ್ಟಿ ನಿಮ್ಮದು. ಒಣಗಿಸಿ ಕೊಟ್ರೆ ನೀವು ಈ ಅಂಗಳದವರು. ಇಲ್ಲಾಂದ್ರೆ ನಾನು ಹೇಳಿದ ಮೂಲೇಲಿ ನಾನು ಹೇಳಿದ ಮಿಷನ್. ಆಗ ಮಾತಾಡಬಾರದು."

"ಆಯ್ತು ಅತ್ತೆ" ಎಂದ ಅಳಿಯ. ಅವನ ದನಿ ಮದುವೆ ಮಂಟಪದಲ್ಲೂ ಇಷ್ಟು ಗಟ್ಟಿಯಾಗಿ ಬಂದಿರಲಿಲ್ಲ.

ಅಟ್ಟಿ ಹಾಕಿದ ರೀತಿಗೆ ಹೆಸರಿಡುವಂತಿರಲಿಲ್ಲ. ನೆಲದ ತೇವ ಏರಬಾರದೆಂದು ಕೆಳಗೆ ಬಿದಿರಿನ ಗಳ ಹಾಸಿದ. ತುದಿಗಳು ಜಾರಬಾರದೆಂದು ಅಡ್ಡ-ಉದ್ದ, ಅಡ್ಡ-ಉದ್ದ ಇಟ್ಟು ಕಂಬದಂತೆ ಏರಿಸಿದ. ಮೇಲಿನ ಸಾಲಿನ ತೊಗಟೆಯನ್ನು ಆಕಾಶಕ್ಕೆ ಮುಖ ಮಾಡಿ ಇಟ್ಟ. ಅತ್ತೆ ಒಂದು ಸುತ್ತು ಹಾಕಿ, ಅಲ್ಲಾಡಿಸಿ ನೋಡಿ, "ಹೂಂ" ಎಂದಳು. ಆ ಒಂದು ಹೂಂಗೆ ಅವನಿಗೆ ಎರಡು ದಿನ ನೆಲ ಕಾಲಿಗೆ ತಾಗಲಿಲ್ಲ.

ಅಷ್ಟರಲ್ಲಿ ಕಾಡಿನಲ್ಲಿ ಕಡಿದುರುಳಿಸಿದ ಮರಗಳನ್ನು ತುಂಡು ಮಾಡಿಸಿ ತರುವ ಕೆಲಸ ಬಂತು. ಅತ್ತೆ ಮತ್ತು ಹೆಂಡತಿ, ಚೈನ್ ಗರಗಸ, ಎಣ್ಣೆಯ ಡಬ್ಬ, ಹಾಸಿಗೆಯ ಸುರುಳಿ ಎಲ್ಲ ಲಾರಿಗೆ ಹಾಕಿಕೊಂಡು ಹೊರಟರು. ಮುಗಿಯುವವರೆಗೆ ಅಲ್ಲೇ ಶೆಡ್ಡಿನಲ್ಲಿ ವಾಸ. ಡಿಪೋ ಅಳಿಯನ ಸುಪರ್ದಿಗೆ ಬಂತು. ಹೆಂಡತಿ ಲಾರಿಯ ಕಿಟಕಿಯಿಂದ ತಲೆ ಹೊರಹಾಕಿ, "ಅಟ್ಟಿ ಮೇಲೆ ಏನಾದ್ರೂ ಹೊದಿಸಿ ರೀ, ಮೋಡ ಆಗ್ತಿದೆ" ಎಂದು ಕೂಗಿದಳು.

ಹೊದಿಸಿ ಎಂದು ಬೇರೆ ಯಾರಿಗಾದರೂ ಹೇಳಿದ್ದರೆ ಹಳೇ ತಗಡೊಂದನ್ನು ಎಸೆದು, ಮೇಲೆ ಕಲ್ಲಿಟ್ಟು ಸುಮ್ಮನಾಗುತ್ತಿದ್ದರು. ಹೇಳಿದ್ದು ದರ್ಜಿಗೆ. ದರ್ಜಿಯ ಕಿವಿಗೆ ಹೊದಿಸಿ ಅಂದದ್ದು ಹೊಲಿಯಿರಿ ಅಂದ ಹಾಗೇ. ಅವನು ಪೇಟೆಗೆ ಹೋಗಿ ನೀರಿಳಿಯದ ದಪ್ಪ ಟಾರ್ಪಾಲು ತಂದ. ಟೇಪು ಜೇಬಿನಿಂದ ಹೊರಬಂತು. ಅಟ್ಟಿಯ ಎದೆ, ಸೊಂಟ, ಎತ್ತರ ಅಳೆದ. ಪರಿಚಯದವರೊಬ್ಬರ ಅಂಗಡಿಯಲ್ಲಿ ಕೂತು ದಪ್ಪ ಸೂಜಿಯಲ್ಲಿ ಹೊಲಿದ. ಮೂಲೆಗಳಿಗೆ ಮಡಿಕೆ, ಮುಂದುಗಡೆ ಒಂದರ ಮೇಲೊಂದು ಬರುವ ಪದರ, ಹಗ್ಗದ ಕುಣಿಕೆಗೆ ಮರದ ಗುಂಡಿ, ಕೆಳಗೆ ಗಾಳಿಗೆ ಏಳದಂತೆ ಗಳದಡಿ ಸೇರಿಸುವ ಅಂಚು. ತೊಡಿಸಿ, ಗುಂಡಿ ಹಾಕಿ, ಹಿಂದೆ ಸರಿದು ನಿಂತು ನೋಡಿದ. ಎಲ್ಲೂ ಒಂದು ಸುಕ್ಕಿಲ್ಲ. ತನ್ನ ಮದುವೆಯ ಕೋಟೂ ಅವನಿಗೆ ಹೀಗೆ ಕೂತಿರಲಿಲ್ಲ.

ಮಳೆ ಬಂತು, ಚೆನ್ನಾಗಿಯೇ ಬಂತು. ಆಮೇಲೆ ಬಿಸಿಲು, ಮತ್ತೆ ಮಳೆ. ಕಾಡಿನ ದಾರಿ ಕೆಸರಾಗಿ ಹೆಂಗಸರು ಬರುವುದು ತಡವಾಯಿತು. ಅಳಿಯ ದಿನಾ ಬೆಳಗ್ಗೆ ಕೋಟಿನ ಗುಂಡಿ ಸರಿಯಾಗಿದೆಯೇ ನೋಡಿ, ಭುಜ ತಟ್ಟಿ ಬರುತ್ತಿದ್ದ. ಒಂದು ಹನಿ ಒಳಗೆ ಹೋಗಿಲ್ಲ ಎಂಬುದು ಅವನ ಹೆಮ್ಮೆ. ಒಳಗಿನದು ಹೊರಗೆ ಬರಬೇಕಲ್ಲ ಎಂಬುದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಕೊನೆಗೆ ಲಾರಿ ಬಂತು. ಮೊದಲು ಇಳಿದದ್ದು ಲಾರಿ ಓಡಿಸುವವನು. ಅವನಿಗೆ ಎಲ್ಲರೂ ಲಾರಿಯಣ್ಣ ಎನ್ನುತ್ತಿದ್ದರು. ಹೆಂಡತಿಯನ್ನು ತಂಗಿ ಎನ್ನುತ್ತಿದ್ದುದರಿಂದ ಅಳಿಯನನ್ನು ಭಾವ ಮಾಡಿಕೊಂಡಿದ್ದ.

"ಭಾವ, ಸೌದೆಗೆ ಹೆಣ್ಣು ನೋಡೋಕೆ ಹೊರಟಿದೀರೋ ಹೆಂಗೆ?"

ಹೆಂಡತಿ ಕೋಟನ್ನು ನೋಡಿ ತುಟಿ ಕಚ್ಚಿಕೊಂಡಳು. ಅತ್ತೆ ಹತ್ತಿರ ಹೋಗಿ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಅಳಿಯನ ಎದೆ ಉಬ್ಬಿತು. ಒಂದು ಗುಂಡಿ ಬಿಚ್ಚಿ ಒಳಗೆ ಕೈ ಹಾಕಿದಳು. ಒಳಗಿನಿಂದ ಬೆಚ್ಚನೆಯ ಗಾಳಿಯೊಂದು ಹೊರಬಂತು, ಅಣಬೆಯ ವಾಸನೆ ಹೊತ್ತು. ಟಾರ್ಪಾಲಿನ ಒಳಮೈ ತುಂಬ ನೀರಿನ ಹನಿ. ಸೌದೆಯ ಮೇಲೆ ಬಿಳಿ ಬೂಷ್ಟು. ಅತ್ತೆ ಒಂದು ತುಂಡನ್ನು ಎಳೆದು, ಕೊಡಲಿಯಿಂದ ಸೀಳಿ, ಹೊಸ ಮೈಯನ್ನು ಕೆನ್ನೆಗೆ ಒತ್ತಿಕೊಂಡಳು. ಒಣ ಸೌದೆ ಕೆನ್ನೆಗೆ ಬೆಚ್ಚಗೆ, ಹಸಿಯದು ತಣ್ಣಗೆ. ಆಮೇಲೆ ಅವಳು ದಿಮ್ಮಿಯೊಂದರ ಮೇಲೆ ಕೂತು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಸೌದೆ ಬೆವೆತುಹೋಗಿದೆ ಅಳಿಯಂದ್ರೆ. ಮರದೊಳಗಿನ ನೀರು ಹೋಗೋದು ಪಕ್ಕದಿಂದ. ತಲೆ ಮುಚ್ಚಿ, ಮೈ ಬಿಡಬೇಕು. ನೀವು ಗುಂಡಿ ಹಾಕಿ ಕೂರಿಸಿದೀರಿ. ಮಳೇಲಿ ಬಿಟ್ಟಿದ್ರೂ ಇಷ್ಟೇ, ಇದೂ ಇಷ್ಟೇ. ಅಳಿಯ ಅಲ್ಲ, ಮಗಳ ಗಂಡ."

ಆ ಗಾದೆ ಅಳಿಯನ ಎದುರಿಗೇ ಬಂದದ್ದಕ್ಕೆ ಲಾರಿಯಣ್ಣ ಲಾರಿಯ ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕ. ಅಳಿಯನಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಎನಿಸಿತು. ಬೈದಿದ್ದರೆ ಸಹಿಸಬಹುದಿತ್ತು. ನಗುವಿನಲ್ಲಿ ಸೇರಬೇಕೆಂದು ಬಂದವನು ನಗುವಿಗೆ ಸರಕಾಗಿ ನಿಂತಿದ್ದ. ಮರುದಿನವೇ ಅತ್ತೆ ಲಾರಿಯಣ್ಣನನ್ನು ಕಳಿಸಿ ಹೊಲಿಗೆ ಯಂತ್ರವನ್ನು ತರಿಸಿದಳು. ಕೈಯಾರೆ ಒರೆಸಿ, ಎಣ್ಣೆ ಬಿಟ್ಟು, ಜಗುಲಿಯ ಮೂಲೆಯಲ್ಲಿ ಇಟ್ಟಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಅವಳು ಒಳ್ಳೆಯದನ್ನೇ ಮಾಡುತ್ತಿದ್ದಳು. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

"ಮುಗೀತಾ ಹಾಗಾದ್ರೆ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಸೌದೆ ಸೀಳುವ ಯಂತ್ರದ ಎಣ್ಣೆ ನೋಡುತ್ತಿದ್ದಳು. "ಚಳಿ ಶುರುವಾಯ್ತಾ?"

"ಇಲ್ಲ."

"ಮತ್ತೆ? ಅಮ್ಮ ಹೇಳಿದ್ದು ಚಳಿಗೆ ಅಂತ. ಅಲ್ಲಿವರೆಗೂ ಅಟ್ಟಿ ನಿಮ್ಮದೇ. ಸೌದೆ ಇನ್ನೂ ಕೊಳೆತಿಲ್ಲ, ಬೂಷ್ಟು ಮೇಲ್ಗಡೆ ಅಷ್ಟೇ. ಇನ್ನೂ ಸಣ್ಣ ಸೀಳಿದ್ರೆ ಬೇಗ ಒಣಗುತ್ತೆ. ಗಾಳಿ ಸಿಗೋ ಹಾಗೆ ಬಿಡಿಬಿಡಿಯಾಗಿ ಪೇರಿಸಬೇಕು." ತನ್ನ ಕೈಗವಸು ಬಿಚ್ಚಿ ಅವನ ಮುಂದೆ ಹಿಡಿದಳು. "ನಾನು ಗೆರೆ ಆಚೆ ನಿಂತಿರ್ತೀನಿ."

ಅಂದು ಮೊದಲ ಸಲ ಅವನು ಯಂತ್ರದ ಮುಂದೆ ನಿಂತ. ಎರಡು ಹಿಡಿಯನ್ನೂ ಒತ್ತಿದಾಗ ಬೆಣೆ ಇಳಿದು ತುಂಡು ಎರಡಾಯಿತು. ಮನಸ್ಸು ಎಷ್ಟು ಹಗುರಾಯಿತೆಂದರೆ, ಪಕ್ಕದಲ್ಲಿದ್ದ ಬೇರೆಯವರ ಸೌದೆಯನ್ನೂ ಸೀಳಿ ಹಾಕುತ್ತಿದ್ದನೋ ಏನೋ, ಹೆಂಡತಿ ಗದರದಿದ್ದರೆ. ಮೊದಲ ದಿನ ತುಂಡುಗಳು ಒಂದು ದಪ್ಪ, ಒಂದು ಸಣಕಲು. ಮೂರನೆಯ ದಿನದ ಹೊತ್ತಿಗೆ ಎಲ್ಲವೂ ಮಣಿಕಟ್ಟಿನ ದಪ್ಪಕ್ಕೆ ಬಂದವು. ಯಂತ್ರ ನಿಲ್ಲಿಸಿದಾಗೆಲ್ಲ ಹೆಂಡತಿ ಗೆರೆಯಾಚೆಯಿಂದ ಏನಾದರೊಂದು ಕೀಟಲೆ ಮಾಡುತ್ತಿದ್ದಳು. ಸಂಜೆ ಇಬ್ಬರೂ ಕೂದಲ ತುಂಬ ಹೊಟ್ಟು ತುಂಬಿಕೊಂಡು ಕೈಕಾಲು ತೊಳೆಯಲು ಹೋದರೆ ನೀರಿಗಿಂತ ಮಾತೇ ಹೆಚ್ಚು ಚೆಲ್ಲುತ್ತಿತ್ತು.

ಇನ್ನು ಗಾಳಿಯ ಮಾತು. ಪಡುವಣ ಗೋಡೆ ಮಳೆಗೆ ಮರೆ ಹೌದು, ಗಾಳಿಗೂ ಮರೆಯೇ. ಅಳಿಯನಿಗೆ ಒಂದು ವಿಷಯ ನೆನಪಾಯಿತು. ಕುರ್ಚಿಯಲ್ಲಿ ಕೂತಿದ್ದ ದಿನಗಳಲ್ಲಿ ಅವನು ಒಗೆದ ಬಟ್ಟೆಗಳನ್ನು ನೋಡುತ್ತಿದ್ದ. ದರ್ಜಿಯ ಕಣ್ಣು ಇನ್ನೆಲ್ಲಿಗೆ ಹೋದೀತು? ಬಿಸಿಲಿನ ಹಗ್ಗದ ಮೇಲೆ ಹಾಕಿದ್ದಕ್ಕಿಂತ ಮಾಡು ಮತ್ತು ತೂಕದ ಕೋಣೆಯ ನಡುವಿನ ಓಣಿಯಲ್ಲಿ ಹಾಕಿದ್ದು ಬೇಗ ಒಣಗುತ್ತಿತ್ತು. ಅಲ್ಲಿ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಹೋಗುತ್ತಿತ್ತು. ಅಟ್ಟಿಯನ್ನು ಆ ಓಣಿಗೇ ಸಾಗಿಸುತ್ತೇನೆ ಎಂದ.

"ಅದು ಲಾರಿ ದಾರಿ" ಎಂದಳು ಅತ್ತೆ.

ಅವನು ಟೇಪು ಹಿಡಿದು ಲಾರಿಯನ್ನೂ ಓಣಿಯನ್ನೂ ಅಳೆದ. ತೂಕದ ಕೋಣೆಯ ಗೋಡೆಯ ಪಕ್ಕ ಒಂದೇ ಸಾಲು, ಗೋಡೆಗೆ ಒಂದು ಗೇಣು ಬಿಟ್ಟು ಪೇರಿಸಿದರೆ ಲಾರಿ ಕನ್ನಡಿ ಮಡಚಿಕೊಂಡು ಹೋಗಬಹುದು. ಲಾರಿಯಣ್ಣ ಗೊಣಗಿಕೊಂಡೇ ಕನ್ನಡಿ ಮಡಚಿದ. ಅತ್ತೆ ಬೇಡ ಎನ್ನಲಿಲ್ಲ.

ಕೋಟನ್ನು ಅವನು ಬಿಸಾಡಲಿಲ್ಲ. ಜಗುಲಿಯ ಮೂಲೆಗೆ ಹೋಗಿ, ಪಕ್ಕಗಳನ್ನು ಕತ್ತರಿಸಿ, ತಲೆಯ ಭಾಗ ಮಾತ್ರ ಉಳಿಸಿ ಹೊಸ ಅಟ್ಟಿಯ ಅಗಲಕ್ಕೆ ಹೊಲಿದ. ಎರಡೂ ಕಡೆ ಸೂರಿನ ಹಾಗೆ ಸ್ವಲ್ಪ ಮುಂದೆ ಚಾಚಿಸಿದ, ಅಂಚಿನಲ್ಲಿ ಕಲ್ಲು ತುಂಬುವ ಚೀಲ ಇಟ್ಟ. ಸೌದೆ ಟೊಪ್ಪಿಗೆ ಹಾಕಿಕೊಂಡು ಬರಿಮೈಯಲ್ಲಿ ಗಾಳಿಗೆ ನಿಂತಿತು. ಮಿಕ್ಕ ಬಟ್ಟೆಯಲ್ಲಿ ಎರಡು ಹಿಡಿಯ ಚೀಲಗಳನ್ನು ಹೊಲಿದ. ತಲೆಹೊರೆ ಹೊರಲಾಗದವರು ಒಂದು ತೆಕ್ಕೆಯಷ್ಟು ಸೌದೆಯನ್ನು ಅದರಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಿತ್ತು. ಸೌದೆ ಮುಗಿದಾಗ ಚೀಲ ಹಿಂದೆ ತರಲೇಬೇಕು, ತಂದಾಗ ಬರಿಗೈಯಲ್ಲಿ ಹೋಗುವುದು ಹೇಗೆ? ಹಾಗಾಗಿ ಚಿಲ್ಲರೆ ಗಿರಾಕಿಗಳು ಹೆಚ್ಚಿದರು. ಅತ್ತೆ ಇದನ್ನೆಲ್ಲ ನೋಡುತ್ತಿದ್ದಳು. ಅವಳ ನೋಟ ಆಗಾಗ ಜಗುಲಿಯ ಮೂಲೆಗೆ ಹೋಗುತ್ತಿದ್ದುದನ್ನು ಅಳಿಯನೂ ನೋಡುತ್ತಿದ್ದ, ಪ್ರತಿಸಲವೂ ಅಟ್ಟಿಯ ಹತ್ತಿರ ಹೋಗಿ ಸೌದೆ ಮುಟ್ಟಿ ನೋಡಿ ಬರುತ್ತಿದ್ದ.

ಒಣಗಾಳಿ ಬೀಸತೊಡಗಿತು. ತುಂಡುಗಳ ತುದಿಯಲ್ಲಿ ಬಿರುಕು ಬಿಟ್ಟಿತು, ಬಣ್ಣ ಮಾಸಿತು. ಅಳಿಯ ಹೋಗುತ್ತಾ ಬರುತ್ತಾ ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ಒಂದು ದಿನ ಅತ್ತೆಯ ಕಣ್ಣಿಗೆ ಬಿದ್ದು, "ಮಗಳೇ, ನಿನ್ನ ಗಂಡ ಸೌದೆಗೆ ಮುತ್ತು ಕೊಡ್ತಿದಾರೆ ನೋಡು" ಎಂದಳು. "ನನಗಿಂತ ಅದೇ ಬೆಚ್ಚಗಿದೆಯಂತೆ" ಎಂದಳು ಮಗಳು.

ಚಳಿಯ ಮೊದಲ ಬೆಳಗ್ಗೆ ಬೇಕರಿಯವರು ಬಂದರು. ದಪ್ಪ ದೇಹ, ಹುಬ್ಬಿನಲ್ಲಿ ಹಿಟ್ಟು, ಮಾತು ಕಡಿಮೆ. ಅಂಗಳದಲ್ಲಿ ಎಲ್ಲರೂ ಇದ್ದರು, ಯಾರಿಗೂ ಕೆಲಸ ಸಾಗುತ್ತಿರಲಿಲ್ಲ. ಬೇಕರಿಯವರು ಅಟ್ಟಿಯ ಮೇಲಿನ ಸಾಲನ್ನು ಮುಟ್ಟಲೂ ಇಲ್ಲ. ಮೇಲಿನ ಸಾಲು ಎಲ್ಲರದೂ ಒಣಗಿರುತ್ತದೆ. ನಡುವಿನಿಂದ ಒಂದನ್ನು ಎಳೆದು ಕೊಡಲಿಯಿಂದ ಸೀಳಿದರು. ಕೆನ್ನೆಗೆ ಒತ್ತಿದರು. ಎರಡು ಹೋಳನ್ನು ಒಂದಕ್ಕೊಂದು ಬಡಿದರು. ಟಣ್ ಎಂದಿತು. ಕೆಳಸಾಲಿಗೆ ಕೈ ಹಾಕಿದಾಗ ಅಳಿಯನಿಗೆ ತಡೆಯಲಾಗಲಿಲ್ಲ.

"ಅದು ಬೇಡ" ಎಂದ.

ಬೇಕರಿಯವರು ತಿರುಗಿ ನೋಡಿದರು. ಹೆಂಡತಿಯೂ ನೋಡಿದಳು. ಅತ್ತೆ ಮಾತ್ರ ನೆಲ ನೋಡಿದಳು.

"ಕೆಳಗಿನ ಎರಡು ಸಾಲು ಗಂಟಿನ ಮರ. ಹೊರಗೆ ಒಣಗಿದೆ, ಗಂಟಿನ ಒಳಗೆ ಇನ್ನೂ ತಣ್ಣಗಿದೆ. ನಿಮ್ಮ ಒಲೆಗೆ ಆಗಲ್ಲ. ಮೇಲಿನದೆಲ್ಲ ಒಯ್ಯಿರಿ, ಇದು ಇನ್ನೊಂದು ತಿಂಗಳು ಇರಲಿ."

ಹೇಳಿದ ಮೇಲೆ ಅವನಿಗೆ ಪಂಥದ ಮಾತು ನೆನಪಾಯಿತು. ಒಣಗಿಸಿ ಕೊಟ್ಟರೆ ಎಂದಿದ್ದಳು ಅತ್ತೆ. ಎರಡು ಸಾಲು ಕಡಿಮೆಯಾದರೆ ನಡೆಯುತ್ತದೆ ಎಂದಿರಲಿಲ್ಲ. ಬೇಕರಿಯವರು ಕೆಳಸಾಲಿನ ಒಂದನ್ನು ಸೀಳಿ, ಗಂಟಿನ ಬುಡಕ್ಕೆ ಕೆನ್ನೆ ಇಟ್ಟು, ತಲೆ ಆಡಿಸಿದರು. "ಹೌದು, ತಣ್ಣಗಿದೆ." ಆಮೇಲೆ ಲಾರಿಯಣ್ಣನಿಗೆ ಕೈ ಬೀಸಿದರು. "ಮೇಲಿನದೆಲ್ಲ ತುಂಬು. ಇದನ್ನ ಮುಂದಿನ ತಿಂಗಳು ನಾನೇ ಬಂದು ಒಯ್ತೀನಿ."

ಹೆಂಡತಿ ಸದ್ದಿಲ್ಲದೆ ಬಂದು ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಸಂತೋಷ ಹೆಚ್ಚಾದಾಗ ಅವಳು ಗುದ್ದುವುದೇ ಸೈ.

ಸೌದೆ ತುಂಬುವುದಕ್ಕೆ ಟೊಪ್ಪಿಗೆಯನ್ನು ತೆಗೆದಾಗ ಬೇಕರಿಯವರು ಅದನ್ನು ಕೈಗೆತ್ತಿಕೊಂಡರು. ಹೊಲಿಗೆ ಎಳೆದು ನೋಡಿದರು, ಕಲ್ಲಿನ ಚೀಲ ತೂಗಿ ನೋಡಿದರು. ಗೇಟಿನ ಹತ್ತಿರ ಒಬ್ಬ ಮುದುಕಿ ಸೌದೆ ಚೀಲ ಹಿಡಿದು ಹೋಗುತ್ತಿದ್ದಳು, ಅದನ್ನೂ ನೋಡಿದರು. ಅಷ್ಟು ಹೊತ್ತು ಅಳೆದು ಅಳೆದು ಮಾತಾಡಿದ ಮನುಷ್ಯನಿಗೆ ಒಮ್ಮೆಲೇ ಮಾತು ಬಂತು.

"ಯಜಮಾನಿ, ಇದು ಅಚ್ಚುಕಟ್ಟು ಕೆಲಸ. ನಮ್ಮ ಹಿಟ್ಟಿನ ಕೋಣೆಗೆ ಪರದೆ ಬೇಕು, ಹುಡುಗರಿಗೆಲ್ಲ ಏಪ್ರನ್ ಬೇಕು. ವರ್ಷವಿಡೀ ಕೆಲಸ ಇದೆ. ನಿಮ್ಮ ಮನೆ ದರ್ಜಿನ ನಾಳೆಯಿಂದಲೇ ಕೂರಿಸಿ."

ಅಳಿಯ ಜಗುಲಿಯ ಕಡೆ ತಿರುಗಿದ. ಗೆದ್ದೆ ಎಂದುಕೊಂಡ ಗಳಿಗೆಯಲ್ಲಿ ತನ್ನ ಸೂಜಿಯೇ ತನಗೆ ಚುಚ್ಚಿತಲ್ಲ. ಜಗುಲಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಬೆಳಗಿನ ಬಿಸಿಲಿಗೆ ಮಿನುಗುತ್ತಿತ್ತು. ಅತ್ತೆ ಅದನ್ನು ನೋಡಿದಳು, ಅವನನ್ನು ನೋಡಿದಳು, ಭುಜ ನೀವಿಕೊಂಡಳು.

"ನಮ್ಮ ಮನೇಲಿ ದರ್ಜಿ ಯಾರೂ ಇಲ್ಲ" ಎಂದಳು. "ಸೌದೆಯೋನು ಒಬ್ಬ ಇದಾನೆ. ಹೊಲಿಗೇನೂ ಬರುತ್ತೆ ಅವನಿಗೆ. ಡಿಪೋ ಕೆಲಸದಲ್ಲಿ ಬಿಡುವಾದ್ರೆ ಕೇಳಿ ನೋಡಿ, ಒಪ್ಪಿದ್ರೆ ನಿಮ್ಮ ಪುಣ್ಯ."

ಬೇಕರಿಯವರು ಅಳಿಯನ ಕಡೆ ತಿರುಗಿ, ಬಿಡುವು ಯಾವಾಗ ಎಂದು ಕೇಳಿದರು. ಅವನು ಬಗ್ಗಿ, ಎರಡೂ ತೋಳಿನ ತುಂಬ ಸೌದೆ ಎತ್ತಿಕೊಂಡು ಲಾರಿಯತ್ತ ನಡೆದ. ದಾರಿಯಲ್ಲಿ ಒಂದು ತುಂಡು ಜಾರಿ ಕಾಲಿನ ಮೇಲೆ ಬಿತ್ತು. ನೋವು ಅವನಿಗೆ ಗೊತ್ತಾದದ್ದು ಮಧ್ಯಾಹ್ನ ಊಟಕ್ಕೆ ಕೂತು, ಅತ್ತೆ, ಹೆಂಡತಿ, ತಾನು ಮೂವರೂ ನಕ್ಕು ನಕ್ಕು ಸುಸ್ತಾದ ಮೇಲೆ.